ಕರೆಂಟಮ್ಮನಿಗೆ ಎರಡು ಕೊಡ ನೀರು

ಅರವತ್ತು ಅಡಿ ಉದ್ದದ ಒಂದು ಕೇಬಲ್ಲು ನನ್ನನ್ನು ಹತ್ತಿರ ಹತ್ತಿರ ಒಂದು ತಿಂಗಳು ಆಟ ಆಡಿಸಿತು. ಅದರ ಒಂದು ತುದಿಯಲ್ಲಿ ಕಂಪ್ಯೂಟರು, ಇನ್ನೊಂದು ತುದಿಯಲ್ಲಿ ಮೋಡೆಮ್ಮು, ನಡುವೆ ಒಂದು ಬೇವಿನ ಮರ. ತಪ್ಪು ಇವುಗಳಲ್ಲಿ ಯಾವುದರದೂ ಅಲ್ಲ, ನನ್ನದು ಎಂದು ತಿಳಿಯುವಷ್ಟರಲ್ಲಿ ನನ್ನ ಕೆಲಸ ಹೋಗುವುದರಲ್ಲಿತ್ತು. ಅದನ್ನು ಉಳಿಸಿಕೊಟ್ಟ ಹೆಂಗಸಿಗೆ ಆಗ ನಾನು ಸರಿಯಾಗಿ ಕೃತಜ್ಞತೆ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಆದೋನಿಯ ಹತ್ತಿ ಬೆಳೆಗಾರರ ಸಂಘವೊಂದು ತನ್ನ ಜಿನ್ನಿಂಗ್ ಮಿಲ್ಲಿನ ಆವರಣದಲ್ಲಿ ಕಂಪ್ಯೂಟರ್ ಕೋಣೆ ಕಟ್ಟಿಸಿತ್ತು. ಹೊಳಗುಂದದ ಕಡೆಯಿಂದ, ಪೆದ್ದಹರಿವಾಣದಿಂದ ರೈತರು ಗಾಡಿಗಳಲ್ಲಿ ಹತ್ತಿ ತರುತ್ತಿದ್ದರು. ಪ್ರತಿ ಗಾಡಿಯಿಂದ ಒಂದು ಹಿಡಿ ಹತ್ತಿ ತೆಗೆದು ಎಳೆಯ ಉದ್ದ, ತೇವ ಎಲ್ಲ ನೋಡಿ ಆ ವಿವರವನ್ನು ಕರ್ನೂಲಿನ ಮುಖ್ಯ ಕಚೇರಿಗೆ ಕಳಿಸಬೇಕು. ಅಲ್ಲಿಂದ ಇಂಥ ದರ್ಜೆ ಎಂದು ಆದೇಶ ಬಂದ ಮೇಲೆಯೇ ಗಾಡಿ ಇಳಿಸುವುದು. ಮೊದಲು ಈ ಕಾಗದ ಸಂಜೆ ಬಸ್ಸಿಗೆ ಹೋಗಿ ಎರಡನೆಯ ದಿನವೋ ಮೂರನೆಯ ದಿನವೋ ತಿರುಗಿ ಬರುತ್ತಿತ್ತು. ಅಲ್ಲಿಯವರೆಗೆ ರೈತರು ಅಂಗಳದಲ್ಲೇ ಗಾಡಿ ಬಿಟ್ಟು, ಕಲ್ಲು ಹೂಡಿ ಒಲೆ ಮಾಡಿಕೊಂಡು, ಎತ್ತುಗಳನ್ನು ಕಾಯ್ದುಕೊಂಡು ಬಿದ್ದಿರುತ್ತಿದ್ದರು.

ಕಂಪ್ಯೂಟರು ಬಂದ ಮೇಲೆ ಈ ಕೆಲಸ ಒಂದು ಗಂಟೆಯದು. ಟೆಲಿಫೋನ್ ಇಲಾಖೆ ಕರ್ನೂಲಿನವರೆಗೆ ನಮಗೇ ಮೀಸಲಾದ ಒಂದು ಲೈನು ಕೊಟ್ಟಿತ್ತು. ಕಂಪ್ಯೂಟರಿನ ಅಕ್ಷರಗಳನ್ನು ಸಿಳ್ಳೆಯಂಥ ಸದ್ದಾಗಿ ಮಾಡಿ ಆ ಲೈನಿಗೆ ಬಿಡುವ ಪೆಟ್ಟಿಗೆಯೇ ಮೋಡೆಮ್ಮು. ಇಲಾಖೆಯವರು ಲೈನನ್ನು ಗೇಟಿನ ಪಕ್ಕದ ಟೆಲಿಫೋನ್ ಕೋಣೆಗೆ ತಂದು ನಿಲ್ಲಿಸಿದ್ದರಿಂದ ಮೋಡೆಮ್ಮು ಅಲ್ಲೇ ಇರಬೇಕಾಯಿತು. ಕಂಪ್ಯೂಟರು ಆಫೀಸಿನಲ್ಲಿ. ಎರಡಕ್ಕೂ ನಡುವೆ ಬೇವಿನ ಮರದ ಕೊಂಬೆಗೆ ಆತು ಬರುವ ಹಾಗೆ ನಾನೇ ಕೇಬಲ್ಲು ಎಳೆದಿದ್ದೆ.

ಮುಖ್ಯ ಕಚೇರಿಯವರಿಗೆ ಇದರಲ್ಲಿ ಅರೆನಂಬಿಕೆ. ಅರವತ್ತು ದಿನ ಪರೀಕ್ಷೆ ಎಂದರು. ಕೊನೆಯ ಏಳು ದಿನಗಳಲ್ಲಿ ಸಂಪರ್ಕ ಒಂದು ಸಲವೂ ಕಡಿಯಬಾರದು. ಕಡಿದರೆ ಕಂಪ್ಯೂಟರು ಕರ್ನೂಲಿಗೆ, ಗಾಡಿಗಳು ಮತ್ತೆ ಬಸ್ಸು ಕಾಯುವುದಕ್ಕೆ, ನಾನು ಪೆದ್ದಹರಿವಾಣದ ಮನೆಗೆ. ಅಲ್ಲಿ ನಮ್ಮಪ್ಪ ದೇವಸ್ಥಾನದ ಅರ್ಚಕರು. ಗಂಟೆ ಬಾರಿಸಲು ಹಿರಿಮಗ ತಿರುಗಿ ಬರುತ್ತಾನೆಂದು ಅವರಿಗೆ ಒಳಗೊಳಗೇ ಆಸೆಯಿತ್ತು. ನನಗೆ ಅದೊಂದೇ ಬೇಡವಾಗಿತ್ತು.

ಮೊದಲ ಮೂರು ವಾರ ಎಲ್ಲ ಹೂ ಎತ್ತಿದ ಹಾಗೆ ನಡೆಯಿತು. ಯಂತ್ರಗಳು ಮಾತಾಡುವ ಕ್ರಮ ಸರಳ. ಪ್ರತಿ ಸಾಲಿನ ಅಕ್ಷರಗಳನ್ನು ಸಂಖ್ಯೆಗಳಾಗಿ ಕೂಡಿಸಿ, ಬಂದ ಮೊತ್ತವನ್ನು ಸಾಲಿನ ಬಾಲಕ್ಕೆ ಹಚ್ಚಿ ಕಳಿಸುವುದು. ಕರ್ನೂಲಿನ ಯಂತ್ರ ತಾನೂ ಕೂಡಿಸಿ ನೋಡುತ್ತದೆ. ತಾಳೆಯಾದರೆ ‘ಬಂತು’ ಎಂದು ಉತ್ತರ, ಇಲ್ಲದಿದ್ದರೆ ‘ಮತ್ತೆ ಕಳಿಸು’. ಐದು ಸಲ ‘ಮತ್ತೆ ಕಳಿಸು’ ಆದರೆ ಸಂಪರ್ಕ ತಾನೇ ಕಡಿದುಕೊಳ್ಳುತ್ತದೆ. ತೂಕದ ಕಟ್ಟೆಯಲ್ಲಿ ತೂಗುವವನು ಕೂಗಿದ್ದನ್ನು ಬರೆಯುವವನು ತಿರುಗಿ ಕೂಗುತ್ತಾನಲ್ಲ, ಅದೇ ಪದ್ಧತಿ. ಹೊಳಗುಂದದ ರೈತರೊಬ್ಬರು ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಬರಿಗಾಡಿ ಹೂಡುವಾಗ ನನ್ನ ಕಿಟಕಿಯ ಹತ್ತಿರ ಬಂದು, “ಏನ್ ಸಾರ್, ಹಿಂಗ ಲಗೂನ ಕಳಿಸಿದ್ರ ಮನಿಯಾಗ ನಂಬಂಗಿಲ್ಲ. ಹತ್ತಿ ಎಲ್ಲಿ ಚೆಲ್ಲಿ ಬಂದಿ ಅಂತಾರ” ಎಂದು ನಕ್ಕು ಹೋದರು. ನಾನು ಎರಡು ಇಂಚು ಎತ್ತರವಾದೆ.

ಆ ಎತ್ತರದಲ್ಲೇ ತಪ್ಪು ಮಾಡಿದ್ದು.

ಆಫೀಸಿನಲ್ಲಿ ಕಸ ಗುಡಿಸಿ ನೀರು ತುಂಬುವ ಕೆಲಸಕ್ಕೆ ದಿನಗೂಲಿಯ ಮೇಲೆ ಒಬ್ಬ ಹೆಂಗಸಿದ್ದರು. ಐವತ್ತು ದಾಟಿದವರು. ಎಲ್ಲರೂ ಅವರನ್ನು ಆಯಮ್ಮ ಎನ್ನುತ್ತಿದ್ದರು. ಆಫೀಸಿನ ಹಿಂಬದಿಗೆ ನೆಲದಲ್ಲಿ ಒಂದು ಕಡಪಾ ಕಲ್ಲು, ಅದರ ತೂತಿನಿಂದ ಗೇಣುದ್ದ ಮೇಲೆ ಬಂದ ಏನೋ ಒಂದು. ಅದಕ್ಕೆ ಅರಿಸಿನ, ಕುಂಕುಮ, ಹಸಿರು ಬಳೆ. ಆಯಮ್ಮ ದಿನಾ ಬೆಳಿಗ್ಗೆ ಆಫೀಸಿನ ತೊಟ್ಟಿಯಿಂದ ಎರಡು ಕೊಡ ನೀರು ಹೊತ್ತು ತಂದು ಅಲ್ಲಿ ಸುರಿಯುತ್ತಿದ್ದರು. ಅಮಾವಾಸ್ಯೆಗೆ ಒಂದು ಬೊಗಸೆ ಉಪ್ಪು ಬೇರೆ. ಎಳ್ಳು ಅಮಾವಾಸ್ಯೆಯ ದಿನ ಐದು ಕೊಡ ಸುರಿದರು. ಊರಿನಲ್ಲಿ ಆಗ ನಲ್ಲಿ ನೀರು ಮೂರು ದಿನಕ್ಕೊಮ್ಮೆ. ಅವತ್ತು ಆಫೀಸಿನ ಗಡಿಗೆಯಲ್ಲಿ ಕುಡಿಯುವ ನೀರೂ ತಳ ಕಂಡಿತ್ತು. ನನ್ನ ತಲೆ ಬಿಸಿಯಾಯಿತು.

“ಆಯಮ್ಮ, ಕುಡಿಯಾಕ ನೀರಿಲ್ಲ. ನೀ ಇಲ್ಲಿ ಕಲ್ಲಿಗೆ ಸುರೀತಿಯಲ್ಲ!”

“ಕಲ್ಲಲ್ರಿ ಸಾರ್, ಕರೆಂಟಮ್ಮ. ಅಕಿ ಒಣಗಬಾರದ್ರಿ. ನಮ್ಮನಿಯವ್ರು ಹೇಳ್ಯಾರ” ಎಂದರು ಆಯಮ್ಮ. ಅವರ ಗಂಡ ಇದೇ ಮಿಲ್ಲಿನಲ್ಲಿ ವೈರ್‌ಮನ್ ಆಗಿದ್ದು, ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

“ಪೂಜಿ ಅಂದ್ರ ಏನಂತ ನನಗ ಹೇಳಬ್ಯಾಡ. ನಮ್ಮ ಮನಿಯಾಗ ಮೂರು ಹೊತ್ತು ನಡೀತೈತಿ. ನಾಳಿಂದ ಇದು ಬಂದ್.”

ಅವರು ಕೊಡ ಎತ್ತಿಕೊಂಡು ಹೋದರು. ನಾನು ಅಷ್ಟಕ್ಕೇ ಬಿಡಲಿಲ್ಲ. ಆಫೀಸಿನ ನೀರು ಪೂಜೆಗೆ ಪೋಲಾಗುತ್ತಿದೆ ಎಂದು ಮ್ಯಾನೇಜರಿಗೆ ಒಂದು ಚೀಟಿ ಬರೆದೆ. ಮ್ಯಾನೇಜರು ತಲೆತಲಾಂತರದ ಹತ್ತಿ ವ್ಯಾಪಾರದ ಮನೆತನದವರು, ಹಣೆಯ ತುಂಬ ವಿಭೂತಿ. “ಕಂಪ್ಯೂಟರ್ ಬಂದ ಮ್ಯಾಲ ಇಂಥವೆಲ್ಲ ಛಲೋ ಕಾಣೋದಿಲ್ಲ ಬಿಡ್ರಿ, ಆಚಾರ್ರ” ಎಂದು ಆಯಮ್ಮನನ್ನು ಪ್ರೆಸ್ಸಿನ ಅಂಗಳಕ್ಕೆ ಹಾಕಿದರು. ಅಲ್ಲಿ ಹತ್ತಿಯನ್ನು ಒತ್ತಿ ಬೇಲು ಕಟ್ಟುತ್ತಾರೆ. ಇಡೀ ದಿನ ಹತ್ತಿಯ ಹುಡಿ ಹಾರುತ್ತಿರುತ್ತದೆ. ಆಯಮ್ಮ ಸೆರಗು ಮೂಗಿಗೆ ಕಟ್ಟಿಕೊಂಡು, ಕೆಮ್ಮುತ್ತ ಗುಡಿಸುವುದು ನನ್ನ ಕಿಟಕಿಯಿಂದ ಕಾಣುತ್ತಿತ್ತು. ನೋಡಿಯೂ ನನಗೇನೂ ಅನ್ನಿಸಲಿಲ್ಲ ಎನ್ನುವುದನ್ನು ಇಲ್ಲಿ ಬರೆಯಲೇಬೇಕು.

ಸಂಕ್ರಾಂತಿಯ ಮರುದಿನ ಕರ್ನೂಲಿನಿಂದ ಫೋನು. ಆ ತುದಿಯ ಯಂತ್ರ ನೋಡಿಕೊಳ್ಳುವ ಆಪರೇಟರಮ್ಮ ತೆಲುಗಿನವರು. “ಸಾರ್, ಮೀ ಲೈನು ಕಟ್ ಅಯಿಂದಿ. ಮಳ್ಳೀ ಮಳ್ಳೀ ಅಡುಗುತೋಂದಿ” ಎಂದರು. ಅವರ ಯಂತ್ರ ಮತ್ತೆ ಮತ್ತೆ ಕಳಿಸು ಎಂದು ಕೇಳಿ ಕೇಳಿ ಕೊನೆಗೆ ಸಂಪರ್ಕ ಕಡಿದಿತ್ತು. ಹೊಸದಾಗಿ ಜೋಡಿಸಿದೆ, ನಡೆಯಿತು. ಮಧ್ಯಾಹ್ನ ಮತ್ತೆ ಹೋಯಿತು. ಮರುದಿನ ನಾಲ್ಕು ಸಲ. ವಾರ ಕಳೆಯುವುದರಲ್ಲಿ ಎಷ್ಟು ಸಲ ಎಂದು ಎಣಿಸುವುದನ್ನೇ ಆಪರೇಟರಮ್ಮ ಬಿಟ್ಟುಬಿಟ್ಟರು. ಗಾಡಿಗಳ ಸಾಲು ಅಂಗಳ ತುಂಬಿ ಗೇಟಿನ ಹೊರಗೆ ಬಂತು.

ನನ್ನ ಮೊದಲ ಅನುಮಾನ ಲೈನಿನ ಮೇಲೆ. ಹತ್ತಿಯ ಸುಗ್ಗಿಯಲ್ಲಿ ಆದೋನಿಯ ಗಾಳಿಯಲ್ಲೇ ಹತ್ತಿ ಇರುತ್ತದೆ. ಟೆಲಿಫೋನ್ ಕಂಬಗಳ ಮೇಲಿನ ಪಿಂಗಾಣಿ ಬಟ್ಟಲುಗಳಿಗೆ ಎಳೆ ಮೆತ್ತಿಕೊಂಡು, ಬೆಳಗಿನ ಇಬ್ಬನಿಗೆ ತೋಯ್ದರೆ ಒಂದು ತಂತಿಯ ಮಾತು ಇನ್ನೊಂದಕ್ಕೆ ಸೋರಬಹುದು. ಇಲಾಖೆಯ ಲೈನ್‌ಮನ್ನನ್ನು ಕಾಡಿ ಬೇಡಿ ಕರೆತಂದೆ. ಅವನು ಏಣಿ ಹತ್ತಿ ನೋಡಿ, “ಇದೇನ್ ಸಾರ್, ತಂತಿಗೆ ಗಡ್ಡ ಬಂದೈತಿ!” ಎಂದ. ಎರಡು ದಿನ ಅವನು ಮೇಲೆ ಹತ್ತುವುದು, ನಾನು ಕೆಳಗೆ ಏಣಿ ಹಿಡಿಯುವುದು. ಊರ ಹೊರಗಿನ ರೈಲ್ವೆ ಗೇಟಿನವರೆಗೆ ಒಂದೊಂದೇ ಕಂಬದ ಗಡ್ಡ ಬೋಳಿಸಿದೆವು. ಮೂರನೆಯ ದಿನ ಆರು ಸಲ ಸಂಪರ್ಕ ಹೋಯಿತು.

ಆಗ ಓದಿದ್ದು ನೆನಪಾಯಿತು. ದೋಷ ಹುಡುಕುವಾಗ ದಾರಿಯನ್ನು ತುಂಡು ಮಾಡಿ, ಒಂದೊಂದು ತುಂಡನ್ನೂ ಬೇರೆ ಬೇರೆ ನೋಡಬೇಕು. ನಮ್ಮ ಮೋಡೆಮ್ಮಿಗೆ ಒಂದು ಗುಂಡಿ ಇತ್ತು. ಒತ್ತಿದರೆ, ಕರ್ನೂಲಿನಿಂದ ಬಂದದ್ದನ್ನು ಅದು ಹಾಗೇ ತಿರುಗಿಸಿ ಕಳಿಸುತ್ತದೆ. ಆಪರೇಟರಮ್ಮ ಒಂದು ತಾಸು ಒಂದೇ ಸಾಲನ್ನು ಕಳಿಸುತ್ತ ಕುಳಿತರು. ಒಂದು ಅಕ್ಷರವೂ ಕೆಡದೆ ತಿರುಗಿ ಹೋಯಿತು. ಎಂದರೆ ಲೈನು ನಿರಪರಾಧಿ. ಪಾಪ, ಅದರ ಗಡ್ಡ ಬೋಳಿಸಿದ್ದು ವ್ಯರ್ಥ.

ಮುಂದಿನ ಪರೀಕ್ಷೆ ಈ ಬದಿಯದು. ಕಂಪ್ಯೂಟರಿನಿಂದ ಹೊರಟದ್ದು ಕೇಬಲ್ಲಿನಲ್ಲಿ ಮೋಡೆಮ್ಮಿನವರೆಗೆ ಹೋಗಿ ಅಲ್ಲಿಂದಲೇ ತಿರುಗಿ ಬರಬೇಕು. ಇಲ್ಲಿ ಅಕ್ಷರಗಳು ಕೆಟ್ಟವು. ‘ಹೊಳಗುಂದ’ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದರೆ ಪ್ರಶ್ನೆಚಿಹ್ನೆ, ನಕ್ಷತ್ರ ಬೆರೆತು ಬರುತ್ತಿತ್ತು. ಸಿಕ್ಕಿದ ಕಳ್ಳ ಎಂದು ಕೇಬಲ್ಲನ್ನು ಬಿಚ್ಚಿ ಸುರುಳಿ ಸುತ್ತಿದೆ. ಮೋಡೆಮ್ಮನ್ನೂ ಎತ್ತಿಕೊಂಡು ಬಂದು ಕಂಪ್ಯೂಟರ್ ಕೋಣೆಯ ಮೇಜಿನ ಮೇಲಿಟ್ಟು ಅದೇ ಕೇಬಲ್ಲಿನಿಂದ ಜೋಡಿಸಿ ನೋಡಿದರೆ, ಇಡೀ ಮಧ್ಯಾಹ್ನ ಒಂದು ತಪ್ಪೂ ಇಲ್ಲ! ಕೇಬಲ್ಲು ಸರಿ, ಮೋಡೆಮ್ಮು ಸರಿ, ಕಂಪ್ಯೂಟರು ಸರಿ, ಲೈನು ಸರಿ. ಎಲ್ಲರೂ ನಿರಪರಾಧಿಗಳು, ಕೊಲೆ ಮಾತ್ರ ದಿನಾ ಆಗುತ್ತಿದೆ. ಮತ್ತೆ ಎಲ್ಲವನ್ನೂ ಮೊದಲಿನ ಜಾಗಕ್ಕೆ ಕಟ್ಟಿದೆ. ಮತ್ತೆ ಕೆಟ್ಟಿತು. ಮರಕ್ಕೆ ಉಜ್ಜಿ ಕೇಬಲ್ಲಿನ ಚರ್ಮ ಸುಲಿದಿರಬಹುದೆಂದು ಹೊಸ ಕೇಬಲ್ಲು ತರಿಸಿ ಎಳೆದೆ. ಅದೂ ಅಷ್ಟೇ.

ಮ್ಯಾನೇಜರು ಒಂದು ದಿನ ಬಾಗಿಲಲ್ಲಿ ನಿಂತು, “ಆಚಾರ್ರ, ಹದಿಮೂರು ದಿನ ಉಳದಾವ. ಕರ್ನೂಲಿನವರು ಲಾರಿ ಯಾವಾಗ ಕಳಸೋಣು ಅಂತ ಕೇಳ್ಯಾರ. ನಾ ಏನಂತ ಹೇಳ್ಲಿ?” ಎಂದರು. ಕಂಪ್ಯೂಟರನ್ನು ಒಯ್ಯುವ ಲಾರಿ. ಅವತ್ತಿನಿಂದ ಹತ್ತಿಯ ಕಾಗದಗಳು ಮತ್ತೆ ಸಂಜೆ ಬಸ್ಸು ಹತ್ತಿದವು. ಹೊಳಗುಂದದ ಅದೇ ರೈತರು ಗಾಡಿಯ ಕೆಳಗೆ ಒಲೆ ಹಚ್ಚುತ್ತ, “ನಿಮ್ಮ ಮಿಷಿನ್ನಿಗೂ ನಮ್ಮಂಗ ಕಾಯೋದು ಕಲಿಸಿದ್ರೇನ್ ಸಾರ್?” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತು.

ಮರುದಿನ ಬೆಳಿಗ್ಗೆ ಸಂಪರ್ಕದ ರಿಜಿಸ್ಟರು ತೆರೆದುಕೊಂಡು ಕುಳಿತೆ. ಯಾವ ಹೊತ್ತಿಗೆ ಕಡಿಯಿತು ಎಂದು ಪ್ರತಿ ಸಲವೂ ಬರೆದಿಟ್ಟಿದ್ದೆ. ಒಂದರ ಕೆಳಗೊಂದು ಹೊತ್ತನ್ನು ಜೋಡಿಸಿದಾಗ, ಮಧ್ಯಾಹ್ನ ಒಂದರಿಂದ ಎರಡರವರೆಗೆ ಒಂದು ಸಲವೂ ಹೋಗಿಲ್ಲ ಎನ್ನುವುದು ಕಂಡಿತು. ಅದು ಮಿಲ್ಲಿನವರ ಊಟದ ಹೊತ್ತು. ಮೇಜಿನ ಮೇಲೆ ಪರೀಕ್ಷೆ ಮಾಡಿದ ದಿನ ಮಿಲ್ಲು ಓಡುತ್ತಿತ್ತಲ್ಲ ಎಂದು ತಲೆ ಕೆರೆದುಕೊಂಡೆ. ಆಗ ಪಕ್ಕದಲ್ಲಿ ವಿವರಗಳನ್ನು ಟೈಪು ಮಾಡುತ್ತಿದ್ದ ನಮ್ಮ ಟೈಪಿಸ್ಟ್ “ಅಯ್ಯಯ್ಯ!” ಎಂದು ಕೈ ಕೊಡವಿದರು. ಕಂಪ್ಯೂಟರಿನ ಕಬ್ಬಿಣದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಅವರು ಹದಿನೈದು ದಿನಗಳಿಂದ ಹೇಳುತ್ತಲೇ ಇದ್ದರು. ನೈಲಾನ್ ಸೀರೆ ಉಟ್ಟರೆ ಹಾಗೆಯೇ ಎಂದು ನಾನು ಪಾಠ ಹೇಳಿದ್ದೆ.

“ಸಾರ್, ಇವತ್ತು ನೂಲಿನ ಸೀರಿ ಉಟ್ಟೀನ್ರಿ” ಎಂದರು ಅವರು.

ಮೀಟರು ತೆಗೆದುಕೊಂಡೆ. ಟೆಲಿಫೋನ್ ಕೋಣೆಯಿಂದ ಒಂದು ಉದ್ದನೆಯ ತಂತಿ ಎಳೆತಂದು, ಆ ಕೋಣೆಯ ನೆಲದ ಸಂಪರ್ಕಕ್ಕೂ ನಮ್ಮ ಕಂಪ್ಯೂಟರಿನ ಮೈಗೂ ನಡುವೆ ಎಷ್ಟು ವೋಲ್ಟು ಇದೆ ನೋಡಿದೆ. ಇರಬಾರದು, ಇದ್ದರೂ ಒಂದರ ಒಳಗೆ. ಮುಳ್ಳು ಮೂರರ ಹತ್ತಿರ ನಿಂತಿತ್ತು. ಅಷ್ಟರಲ್ಲಿ ಮಿಲ್ಲಿನ ದೊಡ್ಡ ಮೋಟರು ಶುರುವಾಯಿತು. ಮುಳ್ಳು ಹದಿನಾರಕ್ಕೆ ಹಾರಿತು.

ಎರಡು ಯಂತ್ರಗಳು ಮಾತಾಡಬೇಕಾದರೆ ಮೊದಲು ಸೊನ್ನೆ ಎಲ್ಲಿದೆ ಎಂದು ಎರಡೂ ಒಪ್ಪಿಕೊಳ್ಳಬೇಕು. ನಮ್ಮ ಕೇಬಲ್ಲಿನಲ್ಲಿ ಮಾತು ಹೋಗುವುದು ಸೊನ್ನೆಗಿಂತ ಮೇಲೆ, ಸೊನ್ನೆಗಿಂತ ಕೆಳಗೆ ಎಂಬ ಏರಿಳಿತದಲ್ಲಿ. ಆ ಸೊನ್ನೆ ಎಂದರೆ ನೆಲ. ಆಫೀಸಿನ ನೆಲದ ಸಂಪರ್ಕ ಬೇರೆ, ಟೆಲಿಫೋನ್ ಕೋಣೆಯದು ಬೇರೆ. ಎರಡೂ ಗಟ್ಟಿಯಾಗಿದ್ದರೆ ನಡೆಯುತ್ತದೆ. ಒಂದು ಸಡಿಲಾದರೆ, ಮೋಟರಿನಿಂದ ಸೋರುವ ಕರೆಂಟಿಗೆ ನೆಲದಲ್ಲಿ ಇಳಿಯಲು ದಾರಿ ಸಿಗದೆ ಇಡೀ ಆಫೀಸಿನ ಸೊನ್ನೆಯೇ ಮೇಲೆ ಏಳುತ್ತದೆ. ಮೋಡೆಮ್ಮನ್ನು ಕಂಪ್ಯೂಟರಿನ ಪಕ್ಕಕ್ಕೇ ತಂದಿಟ್ಟಾಗ ಎರಡಕ್ಕೂ ಸೊನ್ನೆ ಒಂದೇ ಆಗಿತ್ತು, ಅದಕ್ಕೇ ಜಗಳವಿರಲಿಲ್ಲ. ಇದನ್ನೆಲ್ಲ ನಾನು ಕಾಲೇಜಿನಲ್ಲಿ ಬರೆದು ಪಾಸಾಗಿದ್ದೆ.

ಓಡುತ್ತ ಮ್ಯಾನೇಜರ ಹತ್ತಿರ ಹೋಗಿ, ಆಫೀಸಿನ, ಮಿಲ್ಲಿನ ಅರ್ತಿಂಗ್ ಗುಂಡಿ ಎಲ್ಲಿದೆ ಎಂದು ಕೇಳಿದೆ. ಇದ್ದಿಲು, ಉಪ್ಪು ತುಂಬಿ, ನಡುವೆ ಪೈಪು ಹುಗಿದು, ಅದಕ್ಕೆ ತಾಮ್ರದ ತಂತಿ ಕಟ್ಟಿದ ಗುಂಡಿ. ಎಲ್ಲ ಕಾರ್ಖಾನೆಗಳಲ್ಲೂ ಇರುತ್ತದೆ. ಒಣ ಮಣ್ಣಿನಲ್ಲಿ ಕರೆಂಟು ಇಳಿಯದು, ಅದಕ್ಕೇ ಗುಂಡಿ ಸದಾ ತೇವವಾಗಿರಬೇಕು. ಮ್ಯಾನೇಜರು ತಲೆ ಕೆರೆದುಕೊಂಡು, “ಅದೆಲ್ಲ ಹಳೇ ವೈರ್‌ಮನ್‌ಗ ಗೊತ್ತಿತ್ತು. ಅವನಂತೂ ಹೋದ. ಅವನ ಹೆಂಡತಿನ್ನ ಕೇಳ್ರಿ” ಎಂದರು. ಹೆಂಡತಿ ಎಂದರೆ ಆಯಮ್ಮ, ಗುಂಡಿ ಎಂದರೆ ಅವರ ಕರೆಂಟಮ್ಮ. ಗೇಣುದ್ದ ಮೇಲೆ ಬಂದದ್ದು ಪೈಪು. ಅದಕ್ಕೆ ಬಳೆ ತೊಡಿಸಿದ್ದರಿಂದ, ಓದಿದ ನನ್ನ ಕಣ್ಣಿಗೆ ಅದು ಪೈಪಾಗಿ ಕಾಣಲೇ ಇಲ್ಲ.

ಪ್ರೆಸ್ಸಿನ ಅಂಗಳಕ್ಕೆ ಹೋದೆ. ಆಯಮ್ಮ ಬೇಲುಗಳ ಮರೆಯಲ್ಲಿ ಕುಳಿತು ಕೆಮ್ಮುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

“ಆಯಮ್ಮ, ಕರೆಂಟಮ್ಮನ ಕೆಳಗ ಏನೈತ್ರಿ?”

“ಗುಂಡಿ ಐತ್ರಿ ಸಾರ್. ಆಳೆತ್ತರ. ನಮ್ಮನಿಯವ್ರೇ ತೋಡಿದ್ದು. ಮೋಟರಿನ ತಂತಿ, ಆಫೀಸಿನ ತಂತಿ ಎಲ್ಲ ಅಲ್ಲಿಗೇ ಹೋಗ್ಯಾವ.”

“ಮತ್ತ ಅದು ದೇವರು ಹೆಂಗಾತು?”

ಆಯಮ್ಮ ಸೆರಗು ಬಿಚ್ಚಿ ಮುಖ ಒರೆಸಿಕೊಂಡರು. “ಬ್ಯಾಸಿಗಿಯಾಗ ಗುಂಡಿಗೆ ನೀರು ಹಾಕ್ರೋ ಅಂತ ಅವ್ರು ಎಲ್ಲಾರಿಗೂ ಹೇಳಿ ಸಾಕಾದ್ರು. ಒಬ್ರೂ ಹಾಕ್ಲಿಲ್ಲ. ಇಟ್ಟ ನೀರು ಜಳಕಕ್ಕ ಒಯ್ದ್ರು. ಆ ವರ್ಷ ಪ್ರೆಸ್ಸಿನಾಗ ಒಬ್ಬಗ ಕರೆಂಟ್ ಹೊಡದು ಸಾಯಂಗ ಆಗಿತ್ತು. ಆವಾಗ ಅವ್ರು ಅಂದ್ರು, ಕೆಲಸ ಅಂದ್ರ ಮಂದಿ ಮರೀತಾರ, ದೇವರು ಅಂದ್ರ ಮರೆಯಂಗಿಲ್ಲ ಅಂತ. ತಾವೇ ಕುಂಕುಮ ಹಚ್ಚಿದ್ರು, ನನ್ನ ಕೈಯಾಗಿನ ಬಳಿ ತಗದು ತೊಡಿಸಿದ್ರು. ಅವತ್ತಿಂದ ಆ ನೀರು ಯಾರೂ ಮುಟ್ಟಿಲ್ರಿ.” ಸೆರಗನ್ನು ಮತ್ತೆ ಮೂಗಿಗೆ ಕಟ್ಟಿಕೊಳ್ಳುತ್ತ, “ನೀವು ಬಿಟ್ಟು” ಎಂದರು.

ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಟೈಪಿಸ್ಟ್ ಕೈ ಕೊಡವಿದ್ದು ನೆನಪಾಯಿತು. ನೆಲ ಇನ್ನೂ ಹದಿನೈದು ದಿನ ಒಣಗಿದ್ದರೆ, ಅಕ್ಷರ ಕೆಡುವುದರಲ್ಲಿ ಮುಗಿಯುತ್ತಿರಲಿಲ್ಲ. “ತಪ್ಪಾತ್ರಿ ಆಯಮ್ಮ. ಬರ್ರಿ, ನೀರು ಹಾಕೂಣು” ಎಂದೆ. ನನ್ನಿಂದ ಹೊರಟದ್ದು ಅಷ್ಟೇ.

ನೀರು ಹಾಕೋಣ ಎನ್ನುವುದು ಸುಲಭ. ತೊಟ್ಟಿಯಲ್ಲಿ ನೀರಿರಲಿಲ್ಲ, ನಲ್ಲಿ ಬರುವುದು ನಾಳಿದ್ದು. ಮಿಲ್ಲನ್ನು ನಿಲ್ಲಿಸಿ, ಕಂಪ್ಯೂಟರಿನ ಸ್ವಿಚ್ಚು ತೆಗೆಸಿದೆ. ಸೈಕಲ್ಲಿನ ಹಿಂದೆ ಕೊಡ ಕಟ್ಟಿಕೊಂಡು ನನ್ನ ಬಾಡಿಗೆ ಕೋಣೆಯಲ್ಲಿದ್ದ ನೀರು ತಂದೆ. ಅದು ಸುರಿದಲ್ಲೇ ಇಂಗಿ ಸದ್ದಿಲ್ಲದೆ ಹೋಯಿತು. ಗುಂಡಿಗೆ ಅದು ಎಲ್ಲಿ ಸಾಲಬೇಕು! ನಾವು ಇಣುಕಿ ನೋಡುತ್ತಿರುವುದನ್ನು ಕಂಡ ಹೊಳಗುಂದದ ರೈತರು ಎದ್ದು ಬಂದು ವಿಷಯ ಕೇಳಿದರು. ಅವರ ಗಾಡಿಯಲ್ಲಿ ಎತ್ತಿಗೆಂದು ಒಂದು ಪೀಪಾಯಿ ನೀರಿತ್ತು. “ಎತ್ತು ಎರಡು ಗುಟುಕು ಕಡಿಮಿ ಕುಡದಾವು. ಇಲ್ಲಿ ಮೂರು ದಿನ ಕೂಡೋದು ತಪ್ಪಿದ್ರ ಅವಕ್ಕೂ ಸುಖ” ಎಂದು ಅರ್ಧ ಪೀಪಾಯಿ ಎತ್ತಿ ಕೊಟ್ಟರು. ಅವರನ್ನು ನೋಡಿ ಇನ್ನೂ ನಾಲ್ಕು ಗಾಡಿಗಳವರು ಕೊಟ್ಟರು. ಆಯಮ್ಮ ಉಪ್ಪು ಕದಡಿ, ಒಮ್ಮೆಲೇ ಸುರಿಯಬಾರದು, ಭೂಮಿ ಕುಡಿದಷ್ಟು ಕುಡಿಯಲಿ ಎಂದು ಕೂತು ಕೂತು ಸುರಿದರು. ನಾನು ತಾಸಿಗೊಮ್ಮೆ ಎಲ್ಲರನ್ನೂ ದೂರ ನಿಲ್ಲಿಸಿ, ದೊಡ್ಡ ಮೋಟರನ್ನು ಒಂದು ಕ್ಷಣ ಓಡಿಸಿ ಮೀಟರು ನೋಡುತ್ತಿದ್ದೆ.

ಮೊದಲ ದಿನ ಹದಿನಾರು ಇದ್ದದ್ದು ಹದಿಮೂರಾಯಿತು. ನನ್ನ ಮುಖ ಸಣ್ಣದಾಯಿತು. “ಇಪ್ಪತ್ತೈದು ದಿನ ಉಪವಾಸ ಕೆಡವೀರಿ. ಒಂದು ಊಟಕ್ಕ ಎದ್ದು ಕೂಡ್ತಾಳೇನ್ರಿ?” ಎಂದರು ಆಯಮ್ಮ. ಎರಡನೆಯ ದಿನ ಒಂಬತ್ತು, ಮೂರನೆಯ ದಿನ ನಾಲ್ಕು. ನಾಲ್ಕನೆಯ ದಿನ ಮಿಲ್ಲು ಪೂರಾ ಓಡುತ್ತಿರುವಾಗಲೂ ಮುಳ್ಳು ಒಂದರ ಒಳಗೆ ಬಂದು ನಿಂತಿತು. ಸಂಪರ್ಕ ಜೋಡಿಸಿದೆ. ಕರ್ನೂಲಿನಿಂದ ‘ಬಂತು’, ‘ಬಂತು’, ‘ಬಂತು’ ಎಂದು ಒಂದೇ ಸಮನೆ ಉತ್ತರ ಬೀಳುವುದನ್ನು ಪರದೆಯ ಮೇಲೆ ನೋಡುತ್ತ ಕುಳಿತವನು ಊಟಕ್ಕೂ ಏಳಲಿಲ್ಲ.

ಕೊನೆಯ ಏಳು ದಿನ ಒಂದು ಸಲವೂ ಕಡಿಯಲಿಲ್ಲ. ಐದನೆಯ ದಿನ ಒಂದೇ ಸಾಲಿಗೆ ಮೂರು ಸಲ ‘ಮತ್ತೆ ಕಳಿಸು’ ಎಂದು ಬಂದಾಗ ಮೀಟರು ಹಿಡಿದು ಎದ್ದು ನಿಂತೆ. ನಾಲ್ಕನೆಯ ಸಲಕ್ಕೆ ‘ಬಂತು’ ಎಂದಿತು. ಏಳನೆಯ ದಿನ ಸಂಜೆ ಆಪರೇಟರಮ್ಮ ಫೋನು ಮಾಡಿ, “ಲಾರಿ ರಾದು ಸಾರ್” ಎಂದರು. ಲಾರಿ ಬರುವುದಿಲ್ಲ. ಅಷ್ಟು ಸಣ್ಣ ಮಾತಿಗೆ ನನ್ನ ಕಣ್ಣು ತುಂಬಿದವು.

ಆದರೆ ವರದಿ ಬರೆಯುವುದಿತ್ತು. ಮುಖ್ಯ ಕಚೇರಿ ಕಳಿಸಿದ ನಮೂನೆಯಲ್ಲಿ ದೋಷದ ಕಾರಣ, ಪರಿಹಾರ, ಮುಂದೆ ಹಾಗಾಗದಂತೆ ಕ್ರಮ, ಜವಾಬ್ದಾರ ಸಿಬ್ಬಂದಿ ಎಂದು ಕಾಲಮ್ಮುಗಳಿದ್ದವು. ಮ್ಯಾನೇಜರು, “ಮಳಿ ಇಲ್ದ ನೆಲ ಒಣಗಿತ್ತು, ಸರಿ ಮಾಡಿದೆ ಅಂತ ಬರೀರಿ. ನಿಮ್ಮ ಕಾಲ ಮ್ಯಾಲ ನೀವೇ ಕಲ್ಲು ಯಾಕ ಹಾಕ್ಕೋತೀರಿ?” ಎಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಇಡೀ ಮಧ್ಯಾಹ್ನ ಆ ಕಾಗದದ ಮುಂದೆ ಕುಳಿತೆ. ನೆಲ ತಾನಾಗಿ ಒಣಗಿತು ಎಂದು ಬರೆದರೆ, ನಾಳೆ ನನ್ನಂಥವನೇ ಇನ್ನೊಬ್ಬ ಬಂದು ಮತ್ತೆ ನೀರು ನಿಲ್ಲಿಸುತ್ತಾನೆ. ಅವನಿಗೆ ತಡೆಯಾಗಿ ನಿಲ್ಲಬೇಕಾದದ್ದು ಈ ಕಾಗದವೇ. ‘ಪ್ರತಿದಿನ ಗುಂಡಿಗೆ ಹಾಕುತ್ತಿದ್ದ ಎರಡು ಕೊಡ ನೀರನ್ನು ಅದರ ಉದ್ದೇಶ ವಿಚಾರಿಸದೆ ನಾನು ನಿಲ್ಲಿಸಿದ್ದೇ ಕಾರಣ’ ಎಂದು ಬರೆದೆ. ಪರಿಹಾರ ತೋರಿಸಿದವರು ಆಯಮ್ಮ ಎಂದು ಅವರ ಪೂರ್ತಿ ಹೆಸರು ಬರೆದೆ. ಜವಾಬ್ದಾರ ಸಿಬ್ಬಂದಿ ಎಂಬಲ್ಲಿಯೂ ಅದೇ ಹೆಸರು.

ನನಗೆ ಒಂದು ಎಚ್ಚರಿಕೆಯ ಪತ್ರ ಬಂತು, ನೌಕರಿ ಉಳಿಯಿತು. ಜೊತೆಗೆ ವರದಿಯೂ ತಿರುಗಿ ಬಂದಿತ್ತು. ದಿನಾ ನಡೆಯಬೇಕಾದ ಕ್ರಮಕ್ಕೆ ದಿನಗೂಲಿಯವರನ್ನು ಜವಾಬ್ದಾರರೆಂದು ತೋರಿಸುವಂತಿಲ್ಲ, ಕಾಯಂ ನೌಕರರೊಬ್ಬರ ಹೆಸರು ಬರೆಯಿರಿ ಎಂದು ಕೆಂಪು ಶಾಯಿಯ ಟಿಪ್ಪಣಿ. ನಾನು ಅದನ್ನು ಮ್ಯಾನೇಜರ ಮೇಜಿನ ಮೇಲಿಟ್ಟೆ. ಅವರು ಓದಿ, “ಹಂಗಾರ ಆಕಿನ್ನ ಕಾಯಂ ಮಾಡ್ರಿ ಅಂತ ಬರೀತೀನಿ. ಹನ್ನೊಂದು ವರ್ಷ ಮಾಡಿದಾಕಿನ್ನ ಬಿಟ್ಟು ಬ್ಯಾರೆ ಯಾರ ಹೆಸರು ಬರಿಯೋದು?” ಎಂದರು. ಬರೆದರು. ಎರಡು ತಿಂಗಳು ಬಿಡದೆ ಬರೆದರು. ಅವರಿಗೂ ನಾನು ಋಣಿ.

ಆದೇಶ ಬಂದ ದಿನ ಆಯಮ್ಮನನ್ನು ಕರೆದು ಓದಿ ಹೇಳಿದೆ. ಅಟೆಂಡರ್ ಹುದ್ದೆ, ಆಫೀಸಿನಲ್ಲೇ ಕೆಲಸ, ಪ್ರೆಸ್ಸಿನ ಅಂಗಳ ಇನ್ನಿಲ್ಲ. ಅವರು ಎಲ್ಲ ಕೇಳಿಸಿಕೊಂಡು, “ಕಾಯಂ ಅಂದ್ರ ರಜಾ ಕೊಡ್ತಾರೇನ್ರಿ ಸಾರ್?” ಎಂದರು.

“ಕೊಡ್ತಾರ್ರಿ. ಯಾಕ್ರಿ?”

“ಮದ್ದಿಕೇರಿಯಾಗ ಮಗಳು ಅದಾಳ್ರಿ. ಮಮ್ಮಗ ಹುಟ್ಟಿ ನಾಕು ವರ್ಷ ಆತು. ಹೋದ್ರ ಸಂಜಿ ಬಸ್ಸಿಗೆ ತಿರುಗಿ ಬರತಿದ್ದೆ. ಒಂದು ದಿನ ಅಲ್ಲಿ ನಿಂತಿಲ್ರಿ. ಮುಂಜಾನೆ ನೀರು ಯಾರು ಹಾಕ್ಬೇಕು?”

ನಾನು ರಜೆಯ ಅರ್ಜಿಗೆ ಕಾಗದ ತೆಗೆದುಕೊಂಡೆ. ನಾಲ್ಕು ದಿನ ಎಂದು ಬರೆದೆ. ಆ ದಿನಗಳಲ್ಲಿ ನೀರು ಹಾಕುವುದು ನಾನು ಎಂದೆ. ಬರೆಯುತ್ತಿರುವಾಗ ಒಂದು ಮಾತು ಹೊಳೆಯಿತು.

“ಆಯಮ್ಮ, ನಾನು ನೀರು ಬಂದ್ ಮಾಡಿಸಿದಾಗ ಹತ್ತಿರ ಹತ್ತಿರ ಒಂದು ತಿಂಗಳು ನಿಮಗ ಆ ಕೆಲಸಾನೇ ಇರಲಿಲ್ಲಲ್ರಿ. ಆವಾಗ ಹೋಗಿ ಇದ್ದು ಬರಬಹುದಿತ್ತಲ್ಲ?”

“ಹೆಂಗ ಹೋಗ್ಲಿರಿ ಸಾರ್?” ಎಂದರು. “ನೀವು ಯಾವತ್ತು ಕರೀತೀರೋ ಅಂತ ಕಾಯ್ಕೋಂತ ಕುಂತಿದ್ದೆ.”

ನಾಲ್ಕು ಎಂದು ಬರೆದದ್ದನ್ನು ಹೊಡೆದು ಎಂಟು ಮಾಡಿದೆ.